ಆಡುವ ಮಗುವಿನ ತೂಕ ಏಕೆ ಏರುತ್ತದೆ?

ಸದಾ ಓಡಾಡಿಕೊಂಡಿರುವ ಮಗುವಿನ ತೂಕ ಕಾರಣ ತಿಳಿಯದೆ ಏರುತ್ತಿದ್ದರೆ ಮೊದಲು ಎತ್ತರ ಅಳೆಯಬೇಕು. ಐದು ವರ್ಷದಿಂದ ಹರೆಯ ಶುರುವಾಗುವವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತಾರೆ, ತೂಕ 2–3 ಕೆ.ಜಿ. ಹೆಚ್ಚುತ್ತದೆ. ಮಗುವನ್ನು ಬರಿಗಾಲಲ್ಲಿ ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ದಪ್ಪ ರಟ್ಟಿನ ಪುಸ್ತಕ ಮಟ್ಟಸವಾಗಿಟ್ಟು, ಅದರಡಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಟ್ಟರೆ ಸಾಕು. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದ ಮನೆಯವರು ವೈದ್ಯರಿಗೆ ಕೊಡುವ ಮಾಹಿತಿ ಎಷ್ಟೋ ರಕ್ತಪರೀಕ್ಷೆಗಳಿಗಿಂತ ಮೇಲು.

ತೂಕದೊಂದಿಗೆ ಎತ್ತರವೂ ಚೆನ್ನಾಗಿ ಏರುತ್ತಿದ್ದರೆ ಕಾರಣ ಬಹುಮಟ್ಟಿಗೆ ಊಟ, ನಿದ್ದೆ ಮತ್ತು ಮನೆತನದ ಮೈಕಟ್ಟಿನಲ್ಲಿರುತ್ತದೆ. ಹರೆಯಕ್ಕೆ ಮುಂಚೆ ಕೆಲವು ಮಕ್ಕಳು ಒಮ್ಮೆ ಮೈ ತುಂಬಿಕೊಂಡು ಆಮೇಲೆ ಉದ್ದವಾಗುವುದೂ ಉಂಟು. ಊಟದ ಮಾತಿಗೆ ಬಂದರೆ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಬ್ಬಿನ ಸೀಮೆ. ಇಲ್ಲಿ ಬೆಲ್ಲಕ್ಕೆ ಬರವಿಲ್ಲ. ಶೇಂಗಾ ಹೋಳಿಗೆ, ಉಂಡಿ, ಗೋಕಾಕದ ಹೆಸರುವಾಸಿ ಕರದಂಟು ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತವೆ. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲ ಸೇರಿದ ಕರದಂಟು ಬಾಣಂತಿಗೂ ಪೈಲ್ವಾನನಿಗೂ ಶಕ್ತಿ ಕೊಡಲೆಂದೇ ಮಾಡುವ ತಿನಿಸು; ಶಾಲೆಯಿಂದ ಬಂದ ಮಗುವಿನ ದಿನನಿತ್ಯದ ತಿಂಡಿಯಲ್ಲ.

ಆಟದಲ್ಲಿ ಎಲ್ಲವೂ ಕರಗುತ್ತದೆ ಎಂಬ ನಂಬಿಕೆ ಹೆಚ್ಚಿನ ಮನೆಗಳಲ್ಲಿದೆ. ಆದರೆ 30 ಕೆ.ಜಿ. ತೂಕದ ಮಗು ಅರ್ಧ ಗಂಟೆ ಖೊ ಖೊ ಆಡಿದರೆ ಖರ್ಚಾಗುವುದು ಸುಮಾರು 100 ಕ್ಯಾಲೊರಿ. ಒಂದು ಸಣ್ಣ ಬೆಲ್ಲದ ತುಂಡಿನಲ್ಲೇ ಅಷ್ಟಿರುತ್ತದೆ. ಪಂದ್ಯ, ಕುಸ್ತಿ ತಯಾರಿಯ ದಿನಗಳಲ್ಲಿ ಹೆಚ್ಚಿಸಿದ ಹಾಲು, ತುಪ್ಪ, ಬಾದಾಮಿ ಆಟ ನಿಂತ ಮೇಲೂ ಮುಂದುವರಿದರೆ ತೂಕ ಸದ್ದಿಲ್ಲದೆ ಏರುತ್ತದೆ. ಹಾಗೆಯೇ, ಆಟಗಾರ ಮಗುವಿನಲ್ಲಿ ಏರಿದ್ದು ಸ್ನಾಯುವೂ ಆಗಿರಬಹುದು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಹೊಟ್ಟೆಯ ಕೊಬ್ಬಿನ ಸೂಚನೆ.

ತೂಕ ಏರುತ್ತಾ ಎತ್ತರ ನಿಂತಂತಿದ್ದರೆ ಮಾತ್ರ ತಡಮಾಡಬಾರದು. ಥೈರಾಯ್ಡ್ ಕೊರತೆಯಲ್ಲಿ ಮಲಬದ್ಧತೆ, ಒಣಚರ್ಮ, ಚಳಿ ತಡೆಯದಿರುವುದು, ಆಟದಲ್ಲಿ ಬೇಗ ಸುಸ್ತಾಗುವುದು ಕಾಣುತ್ತವೆ, ರಕ್ತದ ಟಿ.ಎಸ್.ಎಚ್. ಪರೀಕ್ಷೆಯಿಂದ ಅದು ತಿಳಿಯುತ್ತದೆ, ದಿನಕ್ಕೊಂದು ಮಾತ್ರೆಯಿಂದ ಹತೋಟಿಗೂ ಬರುತ್ತದೆ. ಮುಖ ಗುಂಡಗಾಗಿ ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿದ್ದರೆ ಕಾರ್ಟಿಸಾಲ್ ಹೆಚ್ಚಿರಬಹುದು. ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್‌ನಂಥ ಔಷಧಗಳೂ ತೂಕ ಏರಿಸುತ್ತವೆ. ಇವನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯ. ಕತ್ತಿನ ಹಿಂದೆ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾದ ಚರ್ಮವನ್ನು ಕೊಳೆಯೆಂದು ತಾಯಂದಿರು ಉಜ್ಜಿ ತೊಳೆಯುವುದುಂಟು. ಅದು ದೇಹಕ್ಕೆ ಇನ್ಸುಲಿನ್ ಸರಿಯಾಗಿ ನಾಟದಿರುವ ಲಕ್ಷಣ; ಉಜ್ಜಿದರೆ ಹೋಗದು.

ಕೆಲವೇ ದಿನಗಳಲ್ಲಿ ತೂಕ ಜಿಗಿದರೆ ಅದು ಕೊಬ್ಬಲ್ಲ, ನೀರು. ಬೆಳಿಗ್ಗೆ ರೆಪ್ಪೆ ಊದಿ ಮೂತ್ರ ನೊರೆಯಾಗಿ ಹೋಗುತ್ತಿದ್ದರೆ ಮೂತ್ರಪಿಂಡದ ತೊಂದರೆಯಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಮಕ್ಕಳನ್ನು ತಾಲೂಕು ಆಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಿಗೇ ಬಂದು ತಪಾಸಣೆ ಮಾಡುತ್ತವೆ. ಹೆಚ್ಚಿನ ಪರೀಕ್ಷೆಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿವೆ.

ರೋಗವಿಲ್ಲವೆಂದು ಖಚಿತವಾದ ಮೇಲೂ ಬೆಳೆಯುವ ಮಗುವಿಗೆ ಉಪವಾಸ ಕೂಡದು. ಸಾಮಾನ್ಯವಾಗಿ ತೂಕ ಈಗಿರುವಲ್ಲೇ ನಿಂತರೆ ಸಾಕು, ಎತ್ತರ ಬಂದು ಅದನ್ನು ಸರಿದೂಗಿಸುತ್ತದೆ. ಜೋಳದ ರೊಟ್ಟಿ, ಕಾಳುಪಲ್ಲೆ, ಸೊಪ್ಪು, ಮಜ್ಜಿಗೆ, ಶಾಲೆಯ ಮೊಟ್ಟೆ ಇರಲಿ. ಚಹಾ–ಬಿಸ್ಕೀಟು, ಪೊಟ್ಟಣದ ಕುರುಕಲು, ಬಾಟಲಿಯ ಸಿಹಿ ಪಾನೀಯ ಮನೆಗೇ ಬರದಿರಲಿ. ಒಬ್ಬನ ತಟ್ಟೆಯನ್ನಷ್ಟೇ ಬದಲಿಸಿದರೆ ಮಗು ಅವಮಾನಪಡುತ್ತದೆ, ಕದ್ದು ತಿನ್ನುತ್ತದೆ. ಆದ್ದರಿಂದ ಮನೆಮಂದಿಯ ಊಟವೆಲ್ಲ ಒಟ್ಟಿಗೇ ಬದಲಾಗಬೇಕು. 6ರಿಂದ 12 ವರ್ಷದವರಿಗೆ ರಾತ್ರಿ ಕನಿಷ್ಠ 9 ತಾಸು ನಿದ್ದೆ ಬೇಕು. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವಂತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.