ಬಣ್ಣದ ಡಬ್ಬಿಯ ಲೆಕ್ಕ

ಕ್ರಿಸ್ಮಸ್ ರಜೆ ಬಂದಿತೆಂದರೆ ನಾವು ಬಾಲ್ಯದಲ್ಲಿ ತಪ್ಪದೆ ನೋಡುತ್ತಿದ್ದ ಚಲಚ್ಚಿತ್ರ 'ಹೋಮ್ ಅಲೋನ್'. ಅಮೆರಿಕದಲ್ಲಿ 1990ರ ನವೆಂಬರಿನಲ್ಲಿ ತೆರೆಕಂಡ ಈ ವಿನೋದಚಿತ್ರದ ಕಥೆ ಸರಳವಾದುದು. ಷಿಕಾಗೋ ಬಳಿಯ ದೊಡ್ಡ ಕುಟುಂಬವೊಂದು ಹಬ್ಬಕ್ಕೆಂದು ಪ್ಯಾರಿಸಿಗೆ ಹೊರಡುತ್ತದೆ. ಅವಸರದಲ್ಲಿ ಎಂಟು ವರ್ಷದ ಕೆವಿನ್ ಮನೆಯಲ್ಲಿಯೇ ಉಳಿದುಬಿಡುತ್ತಾನೆ. ಕನ್ನ ಹಾಕಲು ಬಂದ ಕಳ್ಳರಿಬ್ಬರನ್ನು ಆತ ಬಗೆಬಗೆಯ ಉಪಾಯಗಳಿಂದ ಗೋಳಾಡಿಸುತ್ತಾನೆ. ಕಳೆದ ರಜೆಯಲ್ಲಿ ನಮ್ಮ ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಅದನ್ನು ಮತ್ತೊಮ್ಮೆ ನೋಡಿದೆವು. ಹಗ್ಗಕ್ಕೆ ಕಟ್ಟಿದ ಬಣ್ಣದ ಡಬ್ಬಿ ಮಹಡಿಯಿಂದ ತೂಗಿಬಂದು ಕಳ್ಳನ ಮುಖಕ್ಕೆ ಬಡಿಯಿತು. ಮಗ ಹೊಟ್ಟೆ ಹಿಡಿದುಕೊಂಡು ನಕ್ಕನು. ನಾವು ಬೆಚ್ಚಿದೆವು.

ಬೆಚ್ಚಲು ಕಾರಣವಿದ್ದಿತು. ಆ ಡಬ್ಬಿ ಒಂದು ಲೋಲಕವಷ್ಟೆ. ಮೇಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿಯು ಅದು ಕೆಳಗಿಳಿಯುವಾಗ ಚಲನಶಕ್ತಿಯಾಗಿ ಮಾರ್ಪಡುತ್ತದೆಂಬುದನ್ನು ಓದುಗರು ಪಾಠದಲ್ಲಿ ಕಲಿತಿರುವರು. ಒಂದು ಗ್ಯಾಲನ್ ಬಣ್ಣ ತುಂಬಿದ ಡಬ್ಬಿ ಸುಮಾರು 5 ಕಿಲೋಗ್ರಾಂ ತೂಗುತ್ತದೆ. ಅದು 2 ಮೀಟರ್ ಇಳಿಯಿತೆಂದು ಭಾವಿಸೋಣ. 5, 9.8, 2 ಇವನ್ನು ಗುಣಿಸಿದರೆ 98 ಜೂಲ್. ಬಡಿಯುವ ಕ್ಷಣದಲ್ಲಿ ವೇಗ ಸೆಕೆಂಡಿಗೆ 6 ಮೀಟರಿಗೂ ಹೆಚ್ಚು. ಹಗ್ಗ ಉದ್ದವೋ ಗಿಡ್ಡವೋ ಎಂಬುದು ಇಲ್ಲಿ ಮುಖ್ಯವಲ್ಲ, ಇಳಿದ ಎತ್ತರವೇ ಮುಖ್ಯ. ಅಷ್ಟೇ ತೂಕದ ಕಲ್ಲೊಂದು ಅಷ್ಟೇ ಎತ್ತರದಿಂದ ಮುಖದ ಮೇಲೆ ಬಿದ್ದಂತೆಯೇ ಸರಿ! ಚಿತ್ರದಲ್ಲಾದರೋ ಒಬ್ಬ ಕಳ್ಳನ ಚಿನ್ನದ ಹಲ್ಲು ಹೋಗುತ್ತದೆ, ಅಷ್ಟೆ. ಕೆಂಪಗೆ ಕಾದ ಬಾಗಿಲ ಹಿಡಿಯ ಪ್ರಸಂಗವೂ ಹೀಗೆಯೇ. ಲೋಹ ಕೆಂಪಾಗಿ ಹೊಳೆಯಬೇಕಾದರೆ ಅದರ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನು ದಾಟಿರಬೇಕು; 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲುದು.

ಹಾಗಾದರೆ ಮಗು ನಗುವುದೇಕೆ? ಪೀಟರ್ ಮೆಕ್‌ಗ್ರಾ, ಕೇಲಬ್ ವಾರೆನ್ ಎಂಬ ಅಮೆರಿಕದ ಸಂಶೋಧಕರು 2010ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಯಾವುದೋ ಕಟ್ಟಳೆ ಮುರಿದಂತೆಯೂ ಇರಬೇಕು, ಅದರಿಂದ ಕೇಡಿಲ್ಲವೆಂಬ ಭಾವವೂ ಇರಬೇಕು. ಎರಡೂ ಒಟ್ಟಿಗೆ ಕೂಡಿದಾಗ ನಗು ಹುಟ್ಟುತ್ತದೆ. ಕಳ್ಳ ಮತ್ತೆ ಎದ್ದು ನಿಲ್ಲುತ್ತಾನೆಂದು ಮಗುವಿಗೆ ಗೊತ್ತು. ಲೆಕ್ಕ ಬಲ್ಲ ನಮಗೆ ಆ ಧೈರ್ಯ ಬರಲಿಲ್ಲ.

ಇನ್ನೊಂದು ಆಶ್ಚರ್ಯ ಕಾದಿದ್ದಿತು. ನಮ್ಮ ನೆನಪಿನಲ್ಲಿ ಚಿತ್ರವೆಂದರೆ ಕಳ್ಳರ ಗೋಳು. ಈಗ ನೋಡಿದರೆ, 103 ನಿಮಿಷಗಳಲ್ಲಿ ಆ ಗೋಳಿಗೆ ಕಾಲುಭಾಗವೂ ಸಂದಿಲ್ಲ! ಕೇಂಬ್ರಿಜಿನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರ ತನ್ನ ಗ್ರಂಥದಲ್ಲಿ, ನೆನಪೆಂಬುದು ಛಾಯಾಚಿತ್ರವಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ರಚನೆ ಎಂದು ವಾದಿಸಿದನು. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ, ಕೆಲಕಾಲದ ಮೇಲೆ ಮತ್ತೆ ಹೇಳಿಸಿದಾಗ, ಜನರು ತಮಗೆ ಅರ್ಥವಾಗದ್ದನ್ನು ಬಿಟ್ಟು, ಉಳಿದುದನ್ನು ತಮ್ಮ ಪರಿಚಯದ ಲೋಕಕ್ಕೆ ಒಗ್ಗಿಸಿಕೊಂಡಿದ್ದರು.

ನಾವು ಬಿಟ್ಟಿದ್ದುದು ಕೆವಿನನ ತಾಯಿಯನ್ನು. ರಾತ್ರಿ ಗಾಳಿಗೆ ಕೊಂಬೆ ಮುರಿದು ವಿದ್ಯುತ್ ನಿಂತು, ಗಡಿಯಾರದ ಅಲಾರಂ ಕೂಗಲಿಲ್ಲ. ಗಡಿಬಿಡಿಯಲ್ಲಿ ಮಕ್ಕಳ ತಲೆ ಎಣಿಸುವಾಗ ನೆರೆಮನೆಯ ಹುಡುಗನೊಬ್ಬ ಲೆಕ್ಕಕ್ಕೆ ಸೇರಿದನು. ಎಣಿಕೆ ಸರಿಹೋಯಿತು, ಮಗು ಉಳಿಯಿತು. ಕ್ಯಾಥರೀನ್ ಒಹಾರಾ ಅಭಿನಯಿಸಿದ ಆ ತಾಯಿ ಪ್ಯಾರಿಸಿನ ನಿಲ್ದಾಣದಲ್ಲಿ ವೃದ್ಧ ದಂಪತಿಗಳ ಮುಂದೆ ಹಣ, ಒಡವೆಗಳನ್ನು ಚಾಚಿ ಒಂದು ಟಿಕೆಟ್ಟಿಗಾಗಿ ಅಂಗಲಾಚುತ್ತಾಳೆ. ಕೊನೆಗೆ ಅಪರಿಚಿತ ವಾದ್ಯಗಾರರ ವಾಹನದಲ್ಲಿ ಕುಳಿತು ಊರು ಸೇರುತ್ತಾಳೆ. ಬಾಲ್ಯದಲ್ಲಿ ಈ ಭಾಗ ಬಂದಾಗ ನಾವು ನೀರು ಕುಡಿಯಲು ಎದ್ದುಹೋಗುತ್ತಿದ್ದೆವೆಂದು ತೋರುತ್ತದೆ. ಈ ಸಲ ಕುಳಿತಲ್ಲಿಂದ ಕದಲಲಿಲ್ಲ, ಎದ್ದುಹೋದವನು ಮಗ.

ಚಿತ್ರ ಮುಗಿದ ಮೇಲೆ ಆತ, ನಮ್ಮ ಅಟ್ಟದ ಮೇಲೆ ಬಣ್ಣದ ಡಬ್ಬಿಗಳಿವೆಯೇ ಎಂದು ಕೇಳಿದನು. ಮೇಲಿನ ಗುಣಾಕಾರವನ್ನು ನಾವು ಕಾಗದದ ಮೇಲೆ ಮಾಡಿ ತೋರಿಸಿದುದು ಆಗಲೇ.