‘ನೀವು ಎಲ್ಲಿ ತಿಂತೀರಿ?’ ಅಂತ ಕೇಳಿ ನೋಡಿ

ಹಾಸನ ಸೀಮೆಯವರನ್ನು ‘ಮೈಸೂರು ನೋಡಿದ್ದೀಯಾ?’ ಅಂತ ಕೇಳಬಾರದು. ‘ಎಷ್ಟು ಸಲ ನೋಡಿದ್ದೀಯಾ?’ ಅಂತ ಕೇಳಬೇಕು. ನಾಲ್ಕನೇ ಕ್ಲಾಸಿನಲ್ಲಿ ಒಮ್ಮೆ, ಏಳರಲ್ಲಿ ಒಮ್ಮೆ, ಎಸ್ಸೆಸ್ಸೆಲ್ಸಿಯಲ್ಲಿ ಮತ್ತೊಮ್ಮೆ ಶಾಲೆಯವರೇ ಕರೆದುಕೊಂಡು ಹೋಗಿರುತ್ತಾರೆ. ಪ್ರತಿ ಸಲವೂ ಅದೇ ಪಟ್ಟಿ: ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೆಆರ್‌ಎಸ್. ಪ್ರತಿ ಸಲವೂ ಬೆಟ್ಟದ ನಂದಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಂದು ಗ್ರೂಪ್ ಫೋಟೊ. ನನ್ನ ಹತ್ತಿರ ಅಂಥ ಮೂರು ಫೋಟೊಗಳಿವೆ. ಮೂರರಲ್ಲೂ ನಂದಿ ಹಾಗೇ ಇದೆ, ನಾನು ಮಾತ್ರ ಉದ್ದ ಆಗಿದ್ದೇನೆ.

ನಮ್ಮ ಮನೆಗೆ ಮೈಸೂರು ಇನ್ನೂ ಒಂದು ಕಾರಣಕ್ಕೆ ಹತ್ತಿರ. ನಮ್ಮಪ್ಪ ಸರ್ಕಾರಿ ಬಸ್ ಡ್ರೈವರ್. ಹದಿನಾಲ್ಕು ವರ್ಷದಿಂದ ಹಾಸನ–ಮೈಸೂರು ರೂಟ್. ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಹೋಗುವ ಆ ರಸ್ತೆಯ ಹಂಪ್‌ಗಳ ಲೆಕ್ಕ ಅವರಿಗೆ ಬಾಯಿಪಾಠ. ಆದರೆ ನಾವು ಐದೂ ಜನ ಒಟ್ಟಿಗೆ ಮೈಸೂರಿಗೆ ಹೋಗಿದ್ದೇ ಇಲ್ಲ. ಊರಿಗೆಲ್ಲ ರಜೆ ಇದ್ದಾಗ ಅಪ್ಪನಿಗೆ ಡ್ಯೂಟಿ. ದಸರಾ ಬಂತೆಂದರೆ ಹೆಚ್ಚುವರಿ ಬಸ್ಸುಗಳು, ಡಬಲ್ ಡ್ಯೂಟಿ. ಜಂಬೂಸವಾರಿಗೆ ಸಾವಿರಾರು ಜನರನ್ನು ಇಳಿಸಿ ಬಂದವರು, ಜಂಬೂಸವಾರಿಯನ್ನು ನಮ್ಮ ಮನೆಯ ಟಿ.ವಿ.ಯಲ್ಲೇ ನೋಡಿದ್ದು.

ಈ ಸಲ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ತುಮಕೂರಿನಿಂದ ಊರಿಗೆ ಬಂದಾಗ ಅಪ್ಪ ಒಂದು ಸುದ್ದಿ ಹೇಳಿದರು. ಮುಂದಿನ ತಿಂಗಳಿಂದ ಅವರಿಗೆ ದಾವಣಗೆರೆ ರೂಟ್. ‘ಹಂಗಾದ್ರೆ ಅದಕ್ಕೂ ಮುಂಚೆ ಒಂದಿನ ಎಲ್ಲರೂ ಮೈಸೂರಿಗೆ ಹೋಗಿ ಬರಣ’ ಅಂದಳು ಅಮ್ಮ. ನನಗೂ ಮುಂದಿನ ಸೆಮಿಸ್ಟರ್‌ನಿಂದ ಪ್ಲೇಸ್‌ಮೆಂಟ್ ಗಡಿಬಿಡಿ. ಆಮೇಲೆ ಯಾರು ಯಾವ ಊರಿನಲ್ಲಿರುತ್ತೇವೋ ಗೊತ್ತಿಲ್ಲ. ಹೊರಟೇಬಿಟ್ಟೆವು.

ಅಪ್ಪನ ವಾರದ ರಜೆ ಮಂಗಳವಾರ. ಮೈಸೂರು ಮೃಗಾಲಯಕ್ಕೂ ಮಂಗಳವಾರವೇ ರಜೆ! ಆರನೇ ಕ್ಲಾಸಿನ ನನ್ನ ತಮ್ಮನ ಮುಖ ನೋಡಬೇಕಿತ್ತು. ಅರಮನೆ ಸುತ್ತಾಡಲು, ಬೆಟ್ಟ ಹತ್ತಿಳಿಯಲು ಅಜ್ಜಿಯ ಮಂಡಿ ಒಪ್ಪುವುದಿಲ್ಲ. ಹೀಗಾಗಿ ಶಾಲಾ ಪ್ರವಾಸದ ಪಟ್ಟಿ ಹೊರಡುವ ಮೊದಲೇ ಖಾಲಿಯಾಯಿತು. ನನ್ನ ಫೋನಿನಲ್ಲಿ ‘ಮೈಸೂರಿನಲ್ಲಿ ತಿನ್ನಲೇಬೇಕಾದ ಹತ್ತು ತಿಂಡಿ’ ಥರದ ರೀಲ್ಸ್‌ಗಳಿಗೆ ಬರವಿರಲಿಲ್ಲ. ಆದರೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಪ್ಪನನ್ನೇ ಕೇಳಿದೆ: ‘ಅಪ್ಪಾ, ಹದಿನಾಲ್ಕು ವರ್ಷದಿಂದ ಹೋಗ್ತಾ ಇದ್ದೀರಲ್ಲ, ನೀವು ಮೈಸೂರಲ್ಲಿ ಎಲ್ಲಿ ತಿಂತೀರಿ?’

‘ಬಸ್‌ಸ್ಟ್ಯಾಂಡಲ್ಲಿ’ ಅಂದರು ಅಪ್ಪ. ‘ಏನು?’ ಅಂದೆ. ‘ನಿಮ್ಮಮ್ಮ ಕಟ್ಟಿಕೊಟ್ಟ ಬುತ್ತಿ.’

ಅಮ್ಮ ಕಿಟಕಿ ಕಡೆ ತಿರುಗಿ ನಕ್ಕಳು. ನನಗೆ ಮಾತ್ರ ಆ ಉತ್ತರ ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿತ್ತು. ಬಸ್ಸಿನಿಂದ ಇಳಿಯುವ ಪ್ರಯಾಣಿಕರು ‘ನಜರ್‌ಬಾದ್ ಮೈಲಾರಿ ಹೋಟೆಲ್‌ಗೆ ಹೆಂಗೆ ಹೋಗೋದು ಸಾರ್?’ ಅಂತ ಕೇಳಿದಾಗಲೆಲ್ಲ ಅಪ್ಪ ದಾರಿ ತೋರಿಸಿದ್ದಾರಂತೆ. ಒಳಗೆ ಹೋಗಿ ಒಂದು ದೋಸೆ ತಿಂದಿಲ್ಲ. ವಾಪಸ್ ಟ್ರಿಪ್‌ಗೆ ಸಿಗುವ ಅರ್ಧ ಗಂಟೆಯಲ್ಲಿ ಬುತ್ತಿ ಬಿಚ್ಚಿ, ಕೈ ತೊಳೆದು, ಕಣ್ಣು ಮುಚ್ಚಿದರೆ ಮುಗಿಯಿತು. ಊರಿಗೆಲ್ಲ ಮೈಸೂರು ತೋರಿಸಿದ ಮನುಷ್ಯನಿಗೆ ಮೈಸೂರನ್ನು ತೋರಿಸುವವರು ಯಾರು? ಅವತ್ತಿನ ದಿನದ ಕೆಲಸ ಅದೇ ಅಂತ ನಿರ್ಧರಿಸಿದೆ.

ಪ್ರಶ್ನೆ ಬದಲಾದರೆ ಊರು ಬದಲಾಗುತ್ತೆ

ಬಸ್ಸಿಳಿದ ಮೇಲೆ ಅಜ್ಜಿಗಾಗಿ ಒಂದು ಆಟೊ ಹಿಡಿದೆವು. ‘ಅಣ್ಣಾ, ಇಲ್ಲಿ ತಿಂಡಿಗೆ ಯಾವುದು ಫೇಮಸ್ಸು?’ ಅಂತ ಕೇಳಿದರೆ ಆಟೊ ಅಣ್ಣ ಐದು ಹೋಟೆಲ್‌ಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರು. ಐದೂ ನನ್ನ ಫೋನಿನ ಪಟ್ಟಿಯಲ್ಲಿದ್ದವು. ಆಮೇಲೆ, ‘ನೀವು ಎಲ್ಲಿ ತಿಂತೀರಿ?’ ಅಂದೆ. ಅವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ವೇಗ ತುಸು ಕಡಿಮೆ ಮಾಡಿದರು. ‘ನಾನಾ? ನಾವು ದಿನಾ ತಿನ್ನೋದು ಸ್ಟ್ಯಾಂಡ್ ಪಕ್ಕ ಗಾಡಿ ಇಡ್ಲಿ ಕಣಮ್ಮ. ಆದ್ರೆ ಸಂಬಳ ಆದ ವಾರ ಮಕ್ಕಳನ್ನ ಕರ್ಕಂಡು ಮೈಲಾರಿಗೇ ಹೋಗ್ತೀವಿ. ನಮ್ಮಪ್ಪನೂ ನನ್ನ ಅಲ್ಲಿಗೇ ಕರ್ಕಂಡು ಹೋಗ್ತಿದ್ರು.’

ಫೇಮಸ್ ಆದದ್ದೆಲ್ಲ ಪ್ರವಾಸಿಗರಿಗಷ್ಟೇ ಅಂತ ಮೂಗು ಮುರಿಯುವ ಹಾಗಿಲ್ಲ ಅಂತ ಆಗಲೇ ಗೊತ್ತಾಯಿತು. ನಜರ್‌ಬಾದ್‌ನಲ್ಲಿ ಮೈಲಾರಿ ಹೆಸರಿನ ಹೋಟೆಲ್‌ಗಳು ಹತ್ತಿರ ಹತ್ತಿರದಲ್ಲೇ ಇವೆ. ‘ಯಾವುದು ಒರಿಜಿನಲ್?’ ಅಂತ ಹೊರಗಿನವರು ಜಗಳ ಆಡುತ್ತಾರೆ. ನಮ್ಮ ಮುಂದೆ ಸ್ಟೀಲ್ ಡಬ್ಬಿ ಹಿಡಿದು ಪಾರ್ಸಲ್‌ಗೆ ನಿಂತಿದ್ದ ಹಿರಿಯರೊಬ್ಬರು, ‘ನಮ್ಮನೇಲಿ ನನಗೆ ಇದು, ನನ್ ತಮ್ಮನಿಗೆ ಅದು’ ಅಂತ ತೀರ್ಪು ಕೊಟ್ಟರು. ದೋಸೆ ಹತ್ತಿಯಂತೆ ಮೆತ್ತಗೆ, ಮೇಲೊಂದು ಬೆಣ್ಣೆ ಮುದ್ದೆ, ಜೊತೆಗೆ ಕಾಯಿ ಚಟ್ನಿ. ಗರಿಗರಿ ಮಸಾಲೆ ದೋಸೆ ತಿಂದು ಬೆಳೆದ ನನಗೆ ಇದು ಬೇರೆಯೇ ಜಾತಿಯ ದೋಸೆ. ಅಪ್ಪ ಮೊದಲನೆಯದನ್ನು ಮಾತಾಡದೆ ತಿಂದರು. ಎರಡನೆಯದನ್ನು ಹೇಳಿದ ಮೇಲೆ, ‘ಇನ್ನು ಯಾರಾದ್ರೂ ದಾರಿ ಕೇಳಿದ್ರೆ ರುಚಿನೂ ಹೇಳಬೋದು’ ಅಂದರು. ಅಷ್ಟು ಹೊತ್ತಿಗೆ ಅವರಿಗೆ ರೂಟ್ ಬದಲಾಗಿರುವುದು ನೆನಪಾಯಿತೇನೋ, ಸುಮ್ಮನಾದರು.

ಮಾರ್ಕೆಟ್ಟಿನ ಮುದ್ದೆ ಊಟ

ಅಲ್ಲಿಂದ ದೇವರಾಜ ಮಾರುಕಟ್ಟೆ. ಅದರ ಮುಂದಿರುವ ಡಫರಿನ್ ಗಡಿಯಾರ ಗೋಪುರವನ್ನು ಊರಿನವರು ಕರೆಯುವುದು ‘ಚಿಕ್ಕ ಗಡಿಯಾರ’ ಅಂತ. ಆ ಹೆಸರು ಹೇಳಿದರೆ ಆಟೊದವರು ಮರುಮಾತಾಡದೆ ಹೊರಡುತ್ತಾರೆ. ಕುಂಕುಮದ ಬಣ್ಣಬಣ್ಣದ ಗುಡ್ಡೆಗಳ ಮುಂದೆ ಪ್ರವಾಸಿಗರು ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ. ಊರಿನವರು ಅಲ್ಲಿ ನಿಲ್ಲದೆ ಸೀದಾ ಹೂವಿನ ಸಾಲಿಗೆ, ವೀಳ್ಯದೆಲೆಯ ಸಾಲಿಗೆ, ಬಾಳೆಹಣ್ಣಿನ ಸಾಲಿಗೆ ಹೋಗುತ್ತಾರೆ. ನಾವು ಅವರ ಹಿಂದೆ ಹೋದೆವು.

ಅಜ್ಜಿಗೆ ಬೇಕಿದ್ದದ್ದು ಒಂದೇ: ನಂಜನಗೂಡು ರಸಬಾಳೆ. ಮದುವೆಯಾದ ಹೊಸತರಲ್ಲಿ ತಾತ ಮೈಸೂರಿನಿಂದ ತಂದುಕೊಟ್ಟಿದ್ದರಂತೆ. ಮೊದಲ ಅಂಗಡಿಯವ ‘ಇದೇ ತಗಳಿ’ ಅಂದ. ಅಜ್ಜಿ ಮೂಸಿ ನೋಡಿ ಕೆಳಗಿಟ್ಟಳು. ಮೂರನೇ ಅಂಗಡಿಯ ಯಜಮಾನರು, ‘ಇವತ್ತು ಬಂದಿಲ್ಲ ತಾಯಿ. ಬಂದ್ರೂ ನಾಲ್ಕು ಗೊನೆ. ಮೊದಲಿನಂಗೆ ಬೆಳೆಯೋರೇ ಇಲ್ಲ’ ಅಂತ ನಿಜ ಹೇಳಿದರು. ಪನಾಮಾ ಸೊರಗು ರೋಗ ನಂಜನಗೂಡು ಸುತ್ತಲಿನ ರಸಬಾಳೆ ತೋಟಗಳನ್ನು ತಿಂದುಹಾಕಿದೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳ ಹಾಗೆ ಈ ಹಣ್ಣಿಗೂ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತೀರಿ. ಪಟ್ಟಿಯಲ್ಲಿರುವ ಹಣ್ಣು ಅಂಗಡಿಯಲ್ಲಿ ಇಲ್ಲದಿರುವುದನ್ನು ನಾನು ನೋಡಿದ್ದು ಅವತ್ತೇ. ಬದಲಿಗೆ ಅಜ್ಜಿ ಒಂದು ಮಾರು ಮಲ್ಲಿಗೆ ಕೊಂಡಳು. ಅರ್ಧ ಅಮ್ಮನ ಮುಡಿಗೆ, ಅರ್ಧ ನನ್ನ ಮುಡಿಗೆ.

ಹೂವಿನ ಅಮ್ಮನನ್ನೂ ಅದೇ ಪ್ರಶ್ನೆ ಕೇಳಿದೆ. ‘ನಾವಾ? ಹಿಂದಗಡೆ ಗಲ್ಲೀಲಿ ಮುದ್ದೆ ಊಟ. ಒಂದೂವರೆ ಒಳಗೆ ಹೋಗಿ, ಆಮೇಲೆ ಉಪ್ಸಾರು ಖಾಲಿ’ ಅಂದರು. ಬೋರ್ಡೇ ಇಲ್ಲದ ಪುಟ್ಟ ಮೆಸ್ಸು. ಮೂಟೆ ಹೊರುವವರು, ತರಕಾರಿ ಅಂಗಡಿಯವರು ಬೆಂಚಿನ ಮೇಲೆ ಒತ್ತಾಗಿ ಕೂತಿದ್ದರು. ನಮ್ಮನ್ನು ನೋಡಿ ಸರಿದು ಜಾಗ ಕೊಟ್ಟರು. ‘ಮನೇಲಿ ತಿನ್ನೋ ಮುದ್ದೆ ತಿನ್ನಕೆ ಇಲ್ಲಿಗಂಟ ಬರಬೇಕಿತ್ತಾ?’ ಅಂತ ಗೊಣಗಿದ ಅಜ್ಜಿ, ಉಪ್ಸಾರಿನ ಖಾರ ನಾಲಿಗೆಗೆ ತಾಗಿದ ಮೇಲೆ ಇನ್ನರ್ಧ ಮುದ್ದೆ ಹಾಕಿಸಿಕೊಂಡಳು.

ಊಟದ ಮಧ್ಯೆ ಮಾರ್ಕೆಟ್ಟಿನ ಮಾತು ಬಂತು. 2016ರ ಆಗಸ್ಟ್‌ನಲ್ಲಿ ಈ ಪಾರಂಪರಿಕ ಕಟ್ಟಡದ ಉತ್ತರದ ಒಂದು ಭಾಗ ಕುಸಿದುಬಿತ್ತು. ಆಮೇಲೆ ಕೆಡವಿ ಹೊಸದು ಕಟ್ಟಬೇಕೋ, ಇದನ್ನೇ ದುರಸ್ತಿ ಮಾಡಬೇಕೋ ಅನ್ನುವ ವಾದ ವರ್ಷಗಟ್ಟಲೆ ನಡೆಯಿತು, ನ್ಯಾಯಾಲಯಕ್ಕೂ ಹೋಯಿತು. ‘ಏನಾದ್ರೂ ಮಾಡ್ಲಿ, ನಮ್ಮ ಗಿರಾಕಿ ನಮಗೆ ಸಿಗೋ ಹಂಗೆ ಮಾಡ್ಲಿ’ ಅಂದರು ಪಕ್ಕದಲ್ಲಿ ಉಣ್ಣುತ್ತಿದ್ದವರು. ಎಂಜಿನಿಯರಿಂಗ್ ಓದುವ ನಾನು ಕಟ್ಟಡ ಅಂದರೆ ಗೋಡೆ, ಗಾರೆ, ಲೋಡು ಅಂತ ಯೋಚಿಸುತ್ತೇನೆ. ಯಾವ ಗಿರಾಕಿ ಯಾವ ಬಾಗಿಲಿನಿಂದ ಬಂದು ಯಾರ ಅಂಗಡಿ ಮುಂದೆ ನಿಲ್ಲುತ್ತಾನೆ ಅನ್ನುವುದೂ ಆ ಕಟ್ಟಡದ ಭಾಗ ಅಂತ ಆ ಬೆಂಚಿನ ಮೇಲೆ ಕೂತಾಗ ಅನ್ನಿಸಿತು.

ಹೊರಗೆ ಬಂದು ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಕಾಲು ಕೆ.ಜಿ. ಮೈಸೂರು ಪಾಕ್ ಕಟ್ಟಿಸಿದೆವು. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಅದು. ಮೈಸೂರು ಪಾಕ್ ಹುಟ್ಟಿದ್ದೇ ಮಾದಪ್ಪನವರ ಕೈಯಲ್ಲಿ ಎನ್ನುವುದು ಪ್ರತೀತಿ. ಮನೆಗೆ ಒಯ್ಯೋಣ ಅಂದುಕೊಂಡಿದ್ದು ಕೆ.ಆರ್. ವೃತ್ತ ತಲುಪುವಷ್ಟರಲ್ಲಿ ಮುಗಿಯಿತು.

ಬೆರಳಿನ ಶಾಯಿ, ಕೆರೆಯ ಹಕ್ಕಿ

ಸಂಜೆ ಇನ್ನೊಂದು ಆಟೊ. ‘ಏನು ಓದ್ತಿದ್ದೀಯಮ್ಮ?’ ಅಂತ ಈ ಸಲ ಅವರೇ ಕೇಳಿದರು. ಕೆಮಿಕಲ್ ಎಂಜಿನಿಯರಿಂಗ್ ಅಂದೆ. ‘ಹಂಗಾದ್ರೆ ನಮ್ಮೂರ ಪೇಂಟ್ ಫ್ಯಾಕ್ಟ್ರಿ ಗೊತ್ತಿರಬೇಕಲ್ಲ? ವೋಟು ಹಾಕಿದಾಗ ನಿನ್ನ ಬೆರಳಿಗೆ ಹಚ್ಚಿದ್ದು ನಮ್ಮೂರಿನ ಶಾಯಿ.’ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ ಶುರುವಾಗಿದ್ದು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ. ಈಗದು ರಾಜ್ಯ ಸರ್ಕಾರದ ಉದ್ಯಮ. 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನಂಶದ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ಈ ಕ್ರಿಯೆಯನ್ನು ಪಿಯುಸಿ ಲ್ಯಾಬಿನಲ್ಲಿ ಟೆಸ್ಟ್ ಟ್ಯೂಬಿನೊಳಗೆ ನೋಡಿದ್ದೇನೆ. ಪ್ಲೇಸ್‌ಮೆಂಟ್ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ ಮಾತ್ರ ಅಂದುಕೊಂಡಿರುವ ನಮ್ಮ ಕ್ಲಾಸಿಗೆ, ನಮ್ಮದೇ ವಿಷಯದ ಕೆಲಸ ಹೀಗೂ ಇದೆ ಅಂತ ಹೇಳಿದ್ದು ಒಬ್ಬ ಆಟೊ ಡ್ರೈವರ್.

ಅವರೇ ನಮ್ಮನ್ನು ಕುಕ್ಕರಹಳ್ಳಿ ಕೆರೆಗೆ ಬಿಟ್ಟರು. ‘ನಿಮ್ಮ ಹುಡುಗನಿಗೆ ಝೂ ಇಲ್ಲಾಂದ್ರೆ ಏನಂತೆ, ಇಲ್ಲಿ ಟಿಕೆಟ್ ಇಲ್ಲದ ಹಕ್ಕಿಗಳಿವೆ.’ ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕೆರೆ ಇದು. ಕುವೆಂಪು ವಾಕಿಂಗ್ ಮಾಡುತ್ತಿದ್ದ ಏರಿ. ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತಿದ್ದವು. ತಮ್ಮ ಎಣಿಸಲು ಶುರು ಮಾಡಿ ಇಪ್ಪತ್ತೇಳಕ್ಕೆ ಲೆಕ್ಕ ತಪ್ಪಿಸಿಕೊಂಡ. ಕಲ್ಲುಬೆಂಚುಗಳ ಮೇಲೆ ಕೆಲವರು ಪರೀಕ್ಷೆ ಪುಸ್ತಕ ಹಿಡಿದು ಕೂತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ ಅಕ್ಕನೊಬ್ಬರು, ಎರಡು ವರ್ಷದಿಂದ ಕೆಎಎಸ್‌ಗೆ ಓದುತ್ತಿದ್ದೇನೆ ಅಂದರು. ಅವರ ಮೆಚ್ಚಿನ ಜಾಗ ಯಾವುದು ಅಂತ ಕೇಳಿದೆ. ‘ಇದೇ ಬೆಂಚು. ರಿಸಲ್ಟ್ ಬಂದ ದಿನವೂ ಇಲ್ಲೇ ಬರ್ತೀನಿ, ಬರದ ದಿನವೂ ಇಲ್ಲೇ’ ಅಂದರು. ಯಾವ ರೀಲ್ಸ್‌ನಲ್ಲೂ ಆ ಬೆಂಚು ಇರಲಿಕ್ಕಿಲ್ಲ.

ಅಪ್ಪ ಏರಿಯ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಧಾನ ನಡೆಯುತ್ತಿದ್ದರು. ‘ಬಸ್‌ಸ್ಟ್ಯಾಂಡಿಂದ ಎಷ್ಟು ದೂರ ಇದು?’ ಅಂತ ಕೇಳಿದರು. ಮೂರ್ನಾಲ್ಕು ಕಿಲೋಮೀಟರ್ ಇರಬಹುದು ಅಂದೆ. ‘ಅಷ್ಟೇನಾ?’ ಅಂದರು.

ನೀವು ಕೇಳುವಾಗ...

ಓದು, ಕೆಲಸ ಅಂತ ಊರು ಬಿಡುವ ನಮಗೆಲ್ಲ ಈ ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ನನ್ನ ಅನುಭವದಲ್ಲಿ ಎರಡು ಮಾತು. ‘ಫೇಮಸ್ ಯಾವುದು’ ಅಂದರೆ ಜನ ಬೇರೆಯವರಿಂದ ಕೇಳಿದ್ದನ್ನು ಹೇಳುತ್ತಾರೆ. ‘ನೀವು ಎಲ್ಲಿಗೆ ಹೋಗ್ತೀರಿ’ ಅಂದರೆ ತಮ್ಮದನ್ನು ಹೇಳುತ್ತಾರೆ. ಇನ್ನೊಂದು, ಬಿಡುವಿಲ್ಲದವರನ್ನು ಕೇಳಿ: ಆಟೊದವರು, ಹೂ ಮಾರುವವರು, ಪೌರಕಾರ್ಮಿಕರು, ಪಿ.ಜಿ. ಪಕ್ಕದ ಜೆರಾಕ್ಸ್ ಅಂಗಡಿಯವರು. ಸಮಯವೂ ದುಡ್ಡೂ ಕಡಿಮೆ ಇರುವವರು ಕೆಟ್ಟ ಊಟಕ್ಕೆ ಎರಡನ್ನೂ ಕಳೆಯುವುದಿಲ್ಲ. ಕೇಳುವ ಮೊದಲು ಒಂದು ಮೊಳ ಹೂವಾದರೂ ಕೊಂಡರೆ ಮಾತು ಸಲೀಸು.

ಅಪ್ಪ ಈಗ ದಾವಣಗೆರೆಗೆ ಬಸ್ ಓಡಿಸುತ್ತಿದ್ದಾರೆ. ಅಮ್ಮ ಈಗಲೂ ಬುತ್ತಿ ಕಟ್ಟುತ್ತಾಳೆ. ಹೋದ ವಾರ ಮಾತ್ರ ಅಪ್ಪ ಮನೆಗೆ ಬರುವಾಗ ಪೇಪರಿನಲ್ಲಿ ಸುತ್ತಿದ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದಿದ್ದರಂತೆ. ಎಲ್ಲಿ ಸಿಕ್ಕಿತು ಅಂತ ಅಮ್ಮ ಕೇಳಿದ್ದಕ್ಕೆ, ‘ಅಲ್ಲಿನ ಡಿಪೋ ಮೆಕ್ಯಾನಿಕ್ಕನ್ನ ನೀವೆಲ್ಲಿ ತಿಂತೀರಿ ಅಂತ ಕೇಳ್ದೆ’ ಅಂದರಂತೆ. ಮುಂದಿನ ರಜೆಗೆ ನಮ್ಮ ಮನೆಯವರೆಲ್ಲ ದಾವಣಗೆರೆಗೆ. ಅಲ್ಲಿ ಓದುತ್ತಿರುವವರು ಯಾರಾದರೂ ಇದ್ದರೆ ಹೇಳಿ, ನೀವು ಬೆಣ್ಣೆ ದೋಸೆ ಎಲ್ಲಿ ತಿಂತೀರಿ?