ಕರಿಕಲ್ಲಿನ ವಯಸ್ಸು ಕೆಮ್ಮಣ್ಣಿನಲ್ಲಿ

ವಿಜಯಪುರದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಎರೆಹೊಲದಡಿಯ ಕರಿಕಲ್ಲಿಗೆ 6.6 ಕೋಟಿ ವರ್ಷ ಎನ್ನುತ್ತಾರಲ್ಲ, ಕಾರ್ಬನ್ ಡೇಟಿಂಗ್ ಮಾಡಿ ಹೇಳಿದರೇ?’

ಖಂಡಿತ ಅಲ್ಲ. ಕಾರ್ಬನ್ ಡೇಟಿಂಗ್ ಒಂದು ಕಾಲಕ್ಕೆ ಜೀವವಿದ್ದ ಇದ್ದಿಲು, ಎಲುಬು, ಕಾಳುಗಳಿಗೆ ಹೊಂದುವ ವಿಧಾನ. ಅದೂ ಸುಮಾರು 50 ಸಾವಿರ ವರ್ಷದೊಳಗಿನವಕ್ಕೆ. ಆದರೂ ‘ಶಿಲಾವಿಗ್ರಹಕ್ಕೆ ಕಾರ್ಬನ್ ಡೇಟಿಂಗ್, ಹತ್ತು ಸಾವಿರ ವರ್ಷ ಸಾಬೀತು’ ಎಂಬ ವಾಟ್ಸ್ಆ್ಯಪ್ ಸಂದೇಶಗಳನ್ನು ವಿದ್ಯಾವಂತರೇ ಹಂಚುತ್ತಾರೆ. ಬೇಸರವಾಗುತ್ತದೆ. ಕಲ್ಲು ಹುಟ್ಟಿದ ಕಾಲವೇ ಬೇರೆ, ಉಳಿ ತಾಗಿದ ಕಾಲವೇ ಬೇರೆ. ಶ್ರವಣಬೆಳಗೊಳದ ಗೊಮ್ಮಟ ಮೂಡಿದ್ದು 10ನೇ ಶತಮಾನದಲ್ಲಿ. ಆ ಬಂಡೆಗೆ 200 ಕೋಟಿ ವರ್ಷ ಎಂದೋ ದಾಟಿದೆ.

ಲಾವಾ ಶಿಲೆಯ ವಯಸ್ಸಿಗೆ ನಾನು ಮೊದಲು ನೆನೆಯುವುದು ಜಿರ್ಕಾನ್ ಹರಳನ್ನು. ಅದು ಹುಟ್ಟುವಾಗ ಯುರೇನಿಯಂ ಪರಮಾಣುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ಮಾತ್ರ ಒಳಗೇ ಕ್ಷಯಿಸುತ್ತ ಸೀಸವಾಗುತ್ತದೆ. ಹಾಗಾಗಿ ಇಂದು ಹರಳಿನಲ್ಲಿ ಸಿಗುವ ಸೀಸ ಬಹುಪಾಲು ಅಲ್ಲೇ ಹುಟ್ಟಿದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ, 235ಕ್ಕೆ 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು.

ತೊಡಕೆಂದರೆ, ನಿಮ್ಮ ಕರಿಕಲ್ಲಾದ ದಖನ್ನಿನ ಬಸಾಲ್ಟ್‌ನಲ್ಲಿ ಜಿರ್ಕಾನ್ ಬಲು ಅಪರೂಪ. ಪಶ್ಚಿಮ ಘಟ್ಟದ ರಸ್ತೆ ಕಡಿದಲ್ಲಿ ಕರಿಕಲ್ಲಿನ ಎರಡು ಪದರಗಳ ನಡುವೆ ಕೆಂಪು ಪಟ್ಟಿಯೊಂದು ಹಾದುಹೋಗುವುದನ್ನು ನೀವೂ ನೋಡಿರಬಹುದು. ಒಂದು ಲಾವಾ ಹರಿವು ಆರಿ, ಮುಂದಿನದು ಬರುವ ಮುನ್ನ ಉಂಟಾದ ಮಣ್ಣು ಅದು. ಆ ಬಿಡುವಿನಲ್ಲಿ ಬೇರೊಂದು ಸ್ಫೋಟದ ಬೂದಿ ಕೆಲವೆಡೆ ಅದರ ಮೇಲೆ ಬಿದ್ದಿತ್ತು, ಜಿರ್ಕಾನ್ ಸಮೇತ! ಅದರ ವಯಸ್ಸು ತಿಳಿದರೆ ಕೆಳಗಿನ ಕಲ್ಲು ಅದಕ್ಕಿಂತ ಹಳೆಯದು, ಮೇಲಿನದು ಹೊಸದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಹುಡುಕಿದ್ದು ಅಲ್ಲೇ. ಎಲ್ಲರೂ ಕಲ್ಲನ್ನೇ ದಿಟ್ಟಿಸುವಾಗ ಇವರು ಮಣ್ಣನ್ನು ಜಾಲಿಸಿದರು ಎಂಬುದು ನನಗೆ ಬಹಳ ಇಷ್ಟ.

ಸಿಕ್ಕ ಹರಳನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ವಿಕಿರಣದಿಂದ ಜರ್ಜರಿತವಾಗಿ ಸೀಸ ಸೋರಿದ ಭಾಗಗಳು ಕರಗಿಹೋಗಿ ಗಟ್ಟಿ ಭಾಗವಷ್ಟೇ ಉಳಿಯುತ್ತದೆ. ಅಳೆಯುವುದು ಅದನ್ನು. 6.6 ಕೋಟಿ ವರ್ಷದ ಲೆಕ್ಕದಲ್ಲಿ ಅನಿಶ್ಚಿತತೆ ಹತ್ತಾರು ಸಾವಿರ ವರ್ಷವಷ್ಟೇ!

2015ರಲ್ಲಿ ಅವರು ಪ್ರಕಟಿಸಿದಂತೆ, ಮುಖ್ಯ ಲಾವಾ ಪ್ರವಾಹ ಡೈನೊಸಾರ್‌ಗಳ ಅಳಿವಿಗೆ ಸುಮಾರು 2.5 ಲಕ್ಷ ವರ್ಷ ಮೊದಲೇ ಶುರುವಾಗಿತ್ತು. 2019ರಲ್ಲಿ ಬಸಾಲ್ಟ್‌ನ ಫೆಲ್ಡ್‌ಸ್ಪಾರ್ ಹರಳಿನ ಆರ್ಗಾನ್ ಅಳೆದು ವಯಸ್ಸು ಲೆಕ್ಕಹಾಕಿದ ಮತ್ತೊಂದು ತಂಡ, ಹೆಚ್ಚಿನ ಲಾವಾ ಉಕ್ಕಿದ್ದು ಅಳಿವಿನ ನಂತರ ಎಂದಿತು. ಒಂದು ಆರಂಭದ ಮಾತು, ಇನ್ನೊಂದು ಪ್ರಮಾಣದ ಮಾತು; ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ.